ಒಂದೇ ದಾಖಲೆಯನ್ನು ಹಲವರು ಏಕಕಾಲಕ್ಕೆ ಸೇವ್ ಮಾಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವರು ತಮ್ಮ ತಮ್ಮ ಕಂಪ್ಯೂಟರ್‌ಗಳಲ್ಲಿ ಒಂದೇ ಡೆಸ್ಕ್‌ಟಾಪ್ ಅಪ್ಲಿಕೇಶನ್ ತೆರೆದು, ಒಂದೇ ಡೇಟಾಬೇಸ್‌ಗೆ ಮಾಹಿತಿ ತುಂಬುವ ವ್ಯವಸ್ಥೆಗಳನ್ನು ಬರೆಯುವವರಿಗೂ ನೋಡಿಕೊಳ್ಳುವವರಿಗೂ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಇಲ್ಲಿನ ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಬಳಕೆದಾರರು ಟೈಪ್ ಮಾಡಿ ಉಳಿಸಿದ ಯಾವ ಮಾಹಿತಿಯೂ ಅವರಿಗೆ ತಿಳಿಯದಂತೆ ಅಳಿಸಿಹೋಗಬಾರದು. ವೇಗ, ಅನುಕೂಲ, ಕೋಡ್‌ನ ಸರಳತೆ ಇವೆಲ್ಲ ಅದರ ನಂತರದ ಮಾತು.

ಇಬ್ಬರು ಒಂದೇ ದಾಖಲೆಯನ್ನು ತೆರೆದು, ಒಬ್ಬರಾದ ಮೇಲೆ ಒಬ್ಬರು ಸೇವ್ ಮಾಡಿದರೆ ನಿಜಕ್ಕೂ ಏನಾಗುತ್ತದೆ?

ಗ್ರಾಹಕರೊಬ್ಬರ ದಾಖಲೆಯನ್ನು ಇಬ್ಬರು ಸಿಬ್ಬಂದಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆದಿದ್ದಾರೆ ಎಂದುಕೊಳ್ಳಿ. ಮೊದಲನೆಯವರು ಫೋನ್ ಸಂಖ್ಯೆಯನ್ನು ತಿದ್ದಿ ಸೇವ್ ಮಾಡುತ್ತಾರೆ. ಎರಡನೆಯವರು ವಿಳಾಸವನ್ನು ತಿದ್ದಿ, ಸ್ವಲ್ಪ ಹೊತ್ತಿನ ನಂತರ ಸೇವ್ ಮಾಡುತ್ತಾರೆ. ಎರಡನೆಯವರ ಪರದೆಯ ಮೇಲೆ ಇನ್ನೂ ಹಳೆಯ ಫೋನ್ ಸಂಖ್ಯೆಯೇ ಇರುತ್ತದೆ. ಎಷ್ಟೋ ಫಾರ್ಮ್‌ಗಳು ಯಾವ ಕಾಲಂ ಬದಲಾಗಿದೆ ಎಂದು ನೋಡದೆ ಎಲ್ಲ ಕಾಲಂಗಳನ್ನೂ ಬರೆಯುವುದರಿಂದ, ಹೊಸ ವಿಳಾಸದ ಜೊತೆಗೆ ಹಳೆಯ ಫೋನ್ ಸಂಖ್ಯೆಯೂ ಮತ್ತೆ ಡೇಟಾಬೇಸ್ ಸೇರುತ್ತದೆ. ಮೊದಲನೆಯವರ ಕೆಲಸ ಅಲ್ಲಿಗೆ ಇಲ್ಲವಾಯಿತು.

ಇದಕ್ಕೆ ಲಾಸ್ಟ್ ಅಪ್‌ಡೇಟ್ ಎಂಬ ಹೆಸರಿದೆ. ಇದರ ಅಪಾಯ ಇರುವುದು ಇದರ ಮೌನದಲ್ಲಿ: ಇಬ್ಬರಿಗೂ ಸೇವ್ ಯಶಸ್ವಿಯಾಯಿತು ಎಂಬ ಸಂದೇಶವೇ ಬಂದಿರುತ್ತದೆ, ಲಾಗ್‌ನಲ್ಲಿ ಯಾವ ದೋಷವೂ ದಾಖಲಾಗಿರುವುದಿಲ್ಲ, ಮತ್ತು ವಾರಗಳ ನಂತರ ಯಾರಾದರೂ ‘ನಾನು ಇದನ್ನು ಆಗಲೇ ಸರಿಪಡಿಸಿದ್ದೆ’ ಎಂದಾಗ ಅದನ್ನು ನಂಬಲು ಯಾವ ಪುರಾವೆಯೂ ಉಳಿದಿರುವುದಿಲ್ಲ. ಅಂಥ ದೂರುಗಳು ಪದೇ ಪದೇ ಬರುತ್ತಿದ್ದರೆ, ಬಳಕೆದಾರರ ನೆನಪನ್ನು ಸಂದೇಹಿಸುವ ಮೊದಲು ಸೇವ್ ಮಾಡುವ ಕೋಡನ್ನು ಓದಿ ನೋಡುವುದು ನ್ಯಾಯ.

ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಇದೆಯಲ್ಲ, ಅದು ಇದನ್ನು ತಡೆಯುವುದಿಲ್ಲವೇ?

ಸಾಮಾನ್ಯವಾಗಿ ತಡೆಯುವುದಿಲ್ಲ. ಟ್ರಾನ್ಸಾಕ್ಷನ್ ಎಂದರೆ ಪೂರ್ತಿಯಾಗಿ ನಡೆಯುವ ಅಥವಾ ಪೂರ್ತಿಯಾಗಿ ರದ್ದಾಗುವ ಕೆಲಸಗಳ ಗುಂಪು. ದಾಖಲೆಯನ್ನು ಓದಿ ಪರದೆಯ ಮೇಲೆ ತೋರಿಸುವುದು ಒಂದು ಟ್ರಾನ್ಸಾಕ್ಷನ್. ಬಳಕೆದಾರರು ಐದೋ ಹತ್ತೋ ನಿಮಿಷ ಯೋಚಿಸಿ, ತಿದ್ದಿ, ಸೇವ್ ಗುಂಡಿ ಒತ್ತಿದಾಗ ನಡೆಯುವುದು ಮತ್ತೊಂದು. ಇವೆರಡರ ನಡುವೆ ಏನಾಯಿತು ಎಂಬುದು ಡೇಟಾಬೇಸ್‌ಗೆ ಗೊತ್ತಿಲ್ಲ, ಏಕೆಂದರೆ ಈ ಎರಡನ್ನೂ ಬೆಸೆಯುವ ಮಾಹಿತಿಯನ್ನು ನಾವು ಅದಕ್ಕೆ ಕೊಟ್ಟೇ ಇಲ್ಲ.

ಹಾಗಾದರೆ ಓದಿದಾಗಿನಿಂದ ಸೇವ್ ಮಾಡುವವರೆಗೆ ಒಂದೇ ಟ್ರಾನ್ಸಾಕ್ಷನ್ ತೆರೆದಿಡೋಣ ಎಂದು ಹಲವರಿಗೆ ಅನಿಸುತ್ತದೆ. ಅದು ಸರಿಯಾದ ದಾರಿಯಲ್ಲ. ತೆರೆದ ಟ್ರಾನ್ಸಾಕ್ಷನ್ ಲಾಕ್‌ಗಳನ್ನು ಹಿಡಿದಿರಬಹುದು. ಪೋಸ್ಟ್‌ಗ್ರೆಸ್‌ನಂಥ ವ್ಯವಸ್ಥೆಯಲ್ಲಿ ಅದು ಬೇಡವಾದ ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಎಂಬ ಶುಚಿಗೊಳಿಸುವ ಕೆಲಸ ತೆರವುಗೊಳಿಸದಂತೆ ತಡೆಯಬಹುದು. ಸಾಲದ್ದಕ್ಕೆ, ಅದರಿಂದ ಬಯಸಿದ ರಕ್ಷಣೆಯೂ ಎಲ್ಲ ಕಡೆ ಸಿಗುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್, ಒರಾಕಲ್, ಪೋಸ್ಟ್‌ಗ್ರೆಸ್ ಮೂರರಲ್ಲೂ ಪೂರ್ವನಿಗದಿತ ಐಸೊಲೇಶನ್ ಮಟ್ಟ, ಅಂದರೆ ಏಕಕಾಲದ ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದೊಂದು ಎಷ್ಟು ಬೇರ್ಪಡಿಸಬೇಕು ಎಂಬ ಹೊಂದಿಕೆ, ರೀಡ್ ಕಮಿಟೆಡ್. ಆ ಮಟ್ಟದಲ್ಲಿ, ನೀವು ಓದಿದ ಸಾಲನ್ನು ಬೇರೊಬ್ಬರು ಬದಲಿಸಿದರೂ ನಿಮ್ಮ ಬರವಣಿಗೆ ನಿಲ್ಲುವುದಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಬ ಶೇಖರಣಾ ಎಂಜಿನ್‌ನಲ್ಲಿ ಪೂರ್ವನಿಗದಿತ ಮಟ್ಟ ರಿಪೀಟಬಲ್ ರೀಡ್ ಆಗಿದ್ದರೂ, ಅಲ್ಲಿನ ಅಪ್‌ಡೇಟ್ ಆದೇಶ ಸಾಲಿನ ಇತ್ತೀಚಿನ ರೂಪದ ಮೇಲೆ ಕೆಲಸ ಮಾಡುವುದರಿಂದ ಲಾಸ್ಟ್ ಅಪ್‌ಡೇಟ್ ಸಾಧ್ಯವಾಗಿಯೇ ಉಳಿಯುತ್ತದೆ. ಅದೇ ಹೆಸರಿನ ಮಟ್ಟ ಪೋಸ್ಟ್‌ಗ್ರೆಸ್‌ನಲ್ಲಿದ್ದರೆ, ಎರಡನೆಯ ಬರವಣಿಗೆ 40001 ಎಂಬ ಸಂಕೇತದೊಂದಿಗೆ ವಿಫಲವಾಗುತ್ತದೆ. ಹೆಸರು ಒಂದೇ ಆದರೂ ನಡವಳಿಕೆ ಬೇರೆ ಎಂಬುದನ್ನು ಡೇಟಾಬೇಸ್ ಬದಲಿಸುವ ಯೋಜನೆಗಳಲ್ಲಿ ಮರೆಯಬಾರದು.

ದಾಖಲೆ ತೆರೆದ ಕೂಡಲೇ ಅದನ್ನು ಲಾಕ್ ಮಾಡಿಬಿಟ್ಟರೆ ಸಮಸ್ಯೆಯೇ ಇರುವುದಿಲ್ಲವಲ್ಲ?

ಇದನ್ನು ಪೆಸಿಮಿಸ್ಟಿಕ್ ಲಾಕಿಂಗ್ ಎನ್ನುತ್ತಾರೆ. ಮೊದಲು ತಿದ್ದಲು ಆರಂಭಿಸಿದವರಿಗೆ ದಾಖಲೆ ಸೇರುತ್ತದೆ. ಉಳಿದವರು ಕಾಯಬೇಕು ಅಥವಾ ಓದಿ ಸುಮ್ಮನಿರಬೇಕು. ಫೈಲ್‌ಮೇಕರ್ ಎಂಬ ಡೇಟಾಬೇಸ್ ತಂತ್ರಾಂಶ ಈ ಕ್ರಮದಲ್ಲೇ ನಡೆಯುತ್ತದೆ: ಒಬ್ಬರು ದಾಖಲೆಯನ್ನು ತಿದ್ದುತ್ತಿರುವಾಗ ಇನ್ನೊಬ್ಬರು ತಿದ್ದಲು ಹೋದರೆ, ದಾಖಲೆ ಬೇರೆಯವರ ಕೈಯಲ್ಲಿದೆ ಎಂದು ಅದು ತಿಳಿಸುತ್ತದೆ. ಒಂದು ದಾಖಲೆಯನ್ನು ತಿದ್ದಲು ಬಹಳ ಶ್ರಮ ಬೇಕಾಗುವ ಕಡೆ, ಅಂದರೆ ದೀರ್ಘ ವರದಿ, ತಾಂತ್ರಿಕ ವಿವರಪಟ್ಟಿ, ಒಪ್ಪಂದದ ಪಠ್ಯ ಇಂಥವುಗಳಲ್ಲಿ, ಈ ಕ್ರಮವೇ ಮೇಲು. ಒಂದು ಗಂಟೆ ಬರೆದ ಮೇಲೆ ಘರ್ಷಣೆಯಾಗಿದೆ ಎಂದು ತಿಳಿಯುವುದಕ್ಕಿಂತ ಆರಂಭದಲ್ಲೇ ತಿಳಿಯುವುದು ಯಾರಿಗಾದರೂ ಒಳ್ಳೆಯದು.

ತೊಂದರೆ ಬರುವುದು ಲಾಕ್ ಬಿಡಿಸುವ ವಿಷಯದಲ್ಲಿ. ಬಳಕೆದಾರರು ಫಾರ್ಮ್ ತೆರೆದಿಟ್ಟು ಊಟಕ್ಕೆ ಹೋಗುತ್ತಾರೆ, ಲ್ಯಾಪ್‌ಟಾಪ್ ನಿದ್ರೆಗೆ ಜಾರುತ್ತದೆ, ನೆಟ್‌ವರ್ಕ್ ಕಡಿದುಹೋಗುತ್ತದೆ. ಸೆಲೆಕ್ಟ್ ಫಾರ್ ಅಪ್‌ಡೇಟ್ (ಓದುವಾಗಲೇ ಸಾಲನ್ನು ಲಾಕ್ ಮಾಡುವ ಆದೇಶ) ಮೂಲಕ ಪಡೆದ ಲಾಕ್ ಉಳಿಯಬೇಕಾದರೆ ಟ್ರಾನ್ಸಾಕ್ಷನ್ ತೆರೆದೇ ಇರಬೇಕು. ಆದ್ದರಿಂದ ಮನುಷ್ಯರು ಯೋಚಿಸುವ ಅವಧಿಗೆ ಡೇಟಾಬೇಸ್‌ನ ಸಾಲು ಲಾಕ್ ಬಳಸಬೇಡಿ ಎಂಬುದು ನನ್ನ ದೃಢವಾದ ಸಲಹೆ.

ಅದರ ಬದಲು, ಲಾಕ್‌ಗಳಿಗಾಗಿಯೇ ಒಂದು ಟೇಬಲ್ ಇಡಬಹುದು. ಯಾವ ದಾಖಲೆ, ಯಾರು, ಯಾವ ಕಂಪ್ಯೂಟರ್, ಯಾವಾಗಿನಿಂದ, ಯಾವಾಗ ಅವಧಿ ಮುಗಿಯುತ್ತದೆ ಎಂಬ ವಿವರಗಳು ಅದರಲ್ಲಿರಲಿ, ಮತ್ತು ಒಂದೇ ದಾಖಲೆಗೆ ಎರಡು ಲಾಕ್ ಬೀಳದಂತೆ ಯೂನಿಕ್ ನಿರ್ಬಂಧವಿರಲಿ. ಫಾರ್ಮ್ ತೆರೆದಿರುವವರೆಗೆ ಅಪ್ಲಿಕೇಶನ್ ಆಗಾಗ ಅವಧಿಯನ್ನು ಮುಂದೂಡುತ್ತಿರುತ್ತದೆ; ಅಪ್ಲಿಕೇಶನ್ ಸತ್ತರೆ ಅವಧಿ ತಾನಾಗಿಯೇ ಮುಗಿಯುತ್ತದೆ. ಸಮಯವನ್ನು ಸದಾ ಸರ್ವರ್‌ನ ಗಡಿಯಾರದಿಂದ ಪಡೆಯಿರಿ. ಎಸ್‌ಕ್ಯೂಎಲ್ ಸರ್ವರ್‌ನ ಅಪ್ಲಿಕೇಶನ್ ಲಾಕ್ ಮತ್ತು ಪೋಸ್ಟ್‌ಗ್ರೆಸ್‌ನ ಅಡ್ವೈಸರಿ ಲಾಕ್ ಕೂಡ ಇದಕ್ಕೆ ಒದಗುತ್ತವೆ. ಸೆಷನ್ ಮುಗಿದಾಗ ಅವು ತಾವಾಗಿಯೇ ಬಿಡುಗಡೆಯಾಗುವುದು ದೊಡ್ಡ ಅನುಕೂಲ. ಆದರೆ ಆ ಕನೆಕ್ಷನ್ ಅನ್ನು ಅಷ್ಟು ಹೊತ್ತೂ ಪೂಲ್‌ಗೆ (ಕನೆಕ್ಷನ್‌ಗಳ ಹಂಚಿಕೆಯ ಸಂಗ್ರಹಕ್ಕೆ) ಮರಳಿಸದೆ ಹಿಡಿದಿಡಬೇಕಾಗುತ್ತದೆ.

ಅವಧಿ ಮುಗಿದ ಲಾಕನ್ನು ಇನ್ನೊಬ್ಬರು ಪಡೆದ ಮೇಲೆ, ಮೊದಲನೆಯವರು ಮರಳಿ ಬಂದು ಸೇವ್ ಒತ್ತಿದರೆ ಏನು ಗತಿ? ಈ ಕಾರಣಕ್ಕಾಗಿಯೇ ಲಾಕ್ ಇದ್ದರೂ ಮುಂದಿನ ಉತ್ತರದಲ್ಲಿ ಹೇಳಿರುವ ಆವೃತ್ತಿ ಪರೀಕ್ಷೆಯನ್ನು ಬಿಡುವಂತಿಲ್ಲ.

ಲಾಕ್ ಇಲ್ಲದೆ ಘರ್ಷಣೆಯನ್ನು ಪತ್ತೆಹಚ್ಚುವುದು ಹೇಗೆ?

ಪ್ರತಿ ಟೇಬಲ್‌ಗೂ ಒಂದು ಆವೃತ್ತಿ ಕಾಲಂ ಸೇರಿಸಿ. ದಾಖಲೆ ಓದುವಾಗ ಆವೃತ್ತಿಯನ್ನೂ ಓದಿ ನೆನಪಿನಲ್ಲಿಟ್ಟುಕೊಳ್ಳಿ. ಸೇವ್ ಮಾಡುವಾಗ, ಅಪ್‌ಡೇಟ್ ಆದೇಶದ ವೇರ್ ಭಾಗದಲ್ಲಿ ದಾಖಲೆಯ ಗುರುತಿನ ಸಂಖ್ಯೆಯ ಜೊತೆಗೆ ‘ಆವೃತ್ತಿ ನಾನು ಓದಿದ್ದೇ ಆಗಿದ್ದರೆ’ ಎಂಬ ಷರತ್ತನ್ನೂ ಹಾಕಿ, ಅದೇ ಆದೇಶದಲ್ಲಿ ಆವೃತ್ತಿಯನ್ನು ಒಂದು ಹೆಚ್ಚಿಸಿ. ಒಂದು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳಿದರೆ ಸೇವ್ ಆಯಿತು. ಸೊನ್ನೆ ಸಾಲು ಎಂದರೆ, ನೀವು ಓದಿದ ನಂತರ ಬೇರೊಬ್ಬರು ಅದನ್ನು ಬದಲಿಸಿದ್ದಾರೆ ಅಥವಾ ಅಳಿಸಿದ್ದಾರೆ.

ಪರೀಕ್ಷೆ ಮತ್ತು ಬರವಣಿಗೆ ಎರಡೂ ಒಂದೇ ಆದೇಶದಲ್ಲಿ ನಡೆಯುವುದು ಇಲ್ಲಿನ ಜೀವಾಳ. ಮೊದಲು ಸೆಲೆಕ್ಟ್ ಮಾಡಿ ಆವೃತ್ತಿ ಹೋಲಿಸಿ, ಸರಿಯಿದ್ದರೆ ಅಪ್‌ಡೇಟ್ ಮಾಡುವ ಕೋಡ್ ಅಲ್ಲಲ್ಲಿ ಕಾಣುತ್ತದೆ. ಆ ಎರಡು ಹೆಜ್ಜೆಗಳ ನಡುವಿನ ಕ್ಷಣದಲ್ಲಿ ಇನ್ನೊಬ್ಬರ ಸೇವ್ ನುಸುಳಬಹುದು, ಮತ್ತು ಬಳಕೆದಾರರು ಹೆಚ್ಚಿದಷ್ಟೂ ಆ ಸಾಧ್ಯತೆಯೂ ಹೆಚ್ಚುತ್ತದೆ.

ಆಪ್ಟಿಮಿಸ್ಟಿಕ್ ಎಂಬ ಹೆಸರಿನಲ್ಲಿ ಈ ಚಿಂತನೆಯನ್ನು ಕುಂಗ್ ಮತ್ತು ರಾಬಿನ್ಸನ್ 1981ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಇಂದು ಎಂಟಿಟಿ ಫ್ರೇಮ್‌ವರ್ಕ್, ಹೈಬರ್ನೇಟ್ ಮುಂತಾದ, ಡೇಟಾಬೇಸ್ ಜೊತೆ ವ್ಯವಹರಿಸುವ ಲೈಬ್ರರಿಗಳು ಆವೃತ್ತಿ ಕಾಲಂ ಯಾವುದೆಂದು ಗುರುತಿಸಿಕೊಟ್ಟರೆ ಈ ಷರತ್ತನ್ನು ತಾವೇ ಸೇರಿಸಿ, ಘರ್ಷಣೆಯಾದಾಗ ಎಕ್ಸೆಪ್ಶನ್ ಎಸೆಯುತ್ತವೆ. ಗುರುತಿಸಿಕೊಡದಿದ್ದರೆ ಅವೂ ಮೌನವಾಗಿ ಮೇಲೆ ಬರೆಯುತ್ತವೆ. ಇನ್ನೊಂದು ಅಂಶ: ಸೇವ್ ಮಾಡುವ ಕ್ಷಣದಲ್ಲಿ ದಾಖಲೆಯನ್ನು ಹೊಸದಾಗಿ ಓದಿ, ಅದರ ಮೇಲೆ ಪರದೆಯ ಮೌಲ್ಯಗಳನ್ನು ಹೊದಿಸಿ ಉಳಿಸಿದರೆ, ಹೋಲಿಕೆಯಾಗುವುದು ಹೊಸ ಆವೃತ್ತಿಯೊಂದಿಗೆ. ಆಗ ಪರೀಕ್ಷೆ ಸದಾ ತೇರ್ಗಡೆಯಾಗುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಬಳಕೆದಾರರು ನೋಡಿದ ಆವೃತ್ತಿಯೇ ಷರತ್ತಿನಲ್ಲಿ ಇರಬೇಕು.

ಆವೃತ್ತಿಗೆ ಯಾವ ಬಗೆಯ ಕಾಲಂ ಒಳ್ಳೆಯದು? ತಿದ್ದಿದ ಸಮಯ ಸಾಲದೇ?

ಒಂದೊಂದೇ ಹೆಚ್ಚುವ ಪೂರ್ಣಾಂಕ ಎಲ್ಲ ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ, ಓದಲೂ ಸುಲಭ. ಆದರೆ ಬರೆಯುವ ಪ್ರತಿಯೊಂದು ಕೋಡೂ ಅದನ್ನು ಹೆಚ್ಚಿಸಲೇಬೇಕು. ಯಾರೋ ನೇರವಾಗಿ ಡೇಟಾಬೇಸ್‌ನಲ್ಲಿ ತಿದ್ದುಪಡಿ ಮಾಡಿ ಆವೃತ್ತಿ ಹೆಚ್ಚಿಸಲು ಮರೆತರೆ ಆ ಬದಲಾವಣೆ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದರೆ ರೋವರ್ಷನ್ ಬಗೆಯ ಕಾಲಂ ಬಳಸಿ. ಎಂಟು ಬೈಟ್‌ಗಳ ಈ ಮೌಲ್ಯವನ್ನು ಪ್ರತಿ ಅಪ್‌ಡೇಟ್‌ನಲ್ಲೂ ಸರ್ವರ್ ತಾನೇ ಬದಲಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಾಲಿಗೂ ಇರುವ ಎಕ್ಸ್‌ಮಿನ್ ಎಂಬ ಒಳ ಕಾಲಂ ಇದೇ ಕೆಲಸಕ್ಕೆ ಬರುತ್ತದೆ, ಅಥವಾ ಒಂದು ಟ್ರಿಗರ್ (ಸಾಲು ಬದಲಾದಾಗ ಡೇಟಾಬೇಸ್ ತಾನಾಗಿಯೇ ನಡೆಸುವ ಕೋಡ್) ಬರೆದು ಪೂರ್ಣಾಂಕವನ್ನು ಹೆಚ್ಚಿಸಬಹುದು.

ತಿದ್ದಿದ ಸಮಯವನ್ನು ನೆಚ್ಚಬೇಡಿ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಬಗೆಯ ನಿಖರತೆ ಸೆಕೆಂಡಿನ 300ನೆಯ ಒಂದು ಭಾಗ. ಆ ಅವಧಿಯೊಳಗೆ ನಡೆದ ಎರಡು ಬರವಣಿಗೆಗಳಿಗೆ ಒಂದೇ ಸಮಯ ಬೀಳಬಹುದು. ಪ್ರೋಗ್ರಾಮಿನ ಭಾಷೆ ಮತ್ತು ಡೇಟಾಬೇಸ್ ಬೇರೆ ಬೇರೆ ನಿಖರತೆಯಲ್ಲಿ ಸಮಯವನ್ನು ಹಿಡಿದಿಡುವಾಗ, ಇಲ್ಲದ ಘರ್ಷಣೆಗಳೂ ಹುಟ್ಟುತ್ತವೆ. ಬಳಕೆದಾರರ ಕಂಪ್ಯೂಟರಿನ ಗಡಿಯಾರದಿಂದ ಸಮಯ ಪಡೆದರಂತೂ ಯಾವುದಕ್ಕೂ ಭರವಸೆಯಿಲ್ಲ.

ಆವೃತ್ತಿ ಕಾಲಂ ಸೇರಿಸಲು ಅನುಮತಿ ಇಲ್ಲದ ಕಡೆ, ಓದಿದ ಎಲ್ಲ ಹಳೆಯ ಮೌಲ್ಯಗಳನ್ನೂ ವೇರ್ ಭಾಗದಲ್ಲಿ ಹೋಲಿಸುವ ಕ್ರಮವಿದೆ. ನಡೆಯುತ್ತದೆ, ಆದರೆ ಎಚ್ಚರ ಬೇಕು: ನಲ್ (ಮಾಹಿತಿಯಿಲ್ಲದ ಖಾಲಿ) ಮೌಲ್ಯ ಇನ್ನೊಂದು ನಲ್‌ಗೆ ಸಮವೆಂದು ಎಸ್‌ಕ್ಯೂಎಲ್ ಒಪ್ಪುವುದಿಲ್ಲ, ಆದ್ದರಿಂದ ಅದನ್ನು ಪ್ರತ್ಯೇಕವಾಗಿ ನಿಭಾಯಿಸಬೇಕು, ಫ್ಲೋಟ್ ಸಂಖ್ಯೆಗಳ ಹೋಲಿಕೆ ಕೈಕೊಡಬಹುದು, ದೊಡ್ಡ ಪಠ್ಯದ ಕಾಲಂಗಳನ್ನು ಹೋಲಿಸುವುದು ದುಬಾರಿ.

ಸೊನ್ನೆ ಸಾಲು ಬಂದರೆ ಅದು ಘರ್ಷಣೆ ಎಂದೇ ತಿಳಿಯಬಹುದೇ?

ಬಹುತೇಕ ಹೌದು, ಎರಡು ವಿನಾಯಿತಿಗಳೊಂದಿಗೆ. ಮೈಎಸ್‌ಕ್ಯೂಎಲ್ ಸ್ವಭಾವತಃ ನಿಜವಾಗಿ ಬದಲಾದ ಸಾಲುಗಳನ್ನಷ್ಟೇ ಎಣಿಸುತ್ತದೆ. ಹಳೆಯ ಮೌಲ್ಯಗಳನ್ನೇ ಮತ್ತೆ ಬರೆದರೆ ಸೊನ್ನೆ ಬರುತ್ತದೆ. ಆವೃತ್ತಿ ಸಂಖ್ಯೆ ಪ್ರತಿ ಬಾರಿ ಹೆಚ್ಚುತ್ತಿದ್ದರೆ ಈ ಗೊಂದಲ ಇರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟ್ರಿಗರ್‌ಗಳು ತಮ್ಮದೇ ಸಾಲುಗಳ ಎಣಿಕೆಯನ್ನು ಕಳುಹಿಸಿ ಅಪ್ಲಿಕೇಶನ್‌ಗೆ ತಪ್ಪು ಲೆಕ್ಕ ಕೊಡಬಹುದು. ಟ್ರಿಗರ್‌ನ ಆರಂಭದಲ್ಲೇ ಆ ಎಣಿಕೆಯನ್ನು ತಡೆಯುವ ನೋಕೌಂಟ್ ಆನ್ ಮಾಡುವುದು ವಾಡಿಕೆ. ಸೊನ್ನೆ ಬಂದ ಮೇಲೆ ದಾಖಲೆಯನ್ನು ಮತ್ತೊಮ್ಮೆ ಓದಿ, ಅದು ಬದಲಾಗಿದೆಯೋ ಅಳಿದಿದೆಯೋ ಎಂದು ತಿಳಿದುಕೊಳ್ಳಿ. ಎರಡಕ್ಕೂ ಒಂದೇ ಸಂದೇಶ ಕೊಟ್ಟರೆ ಬಳಕೆದಾರರಿಗೆ ಮುಂದಿನ ದಾರಿ ತೋಚುವುದಿಲ್ಲ.

ಘರ್ಷಣೆ ಪತ್ತೆಯಾದ ಮೇಲೆ ಬಳಕೆದಾರರಿಗೆ ಏನು ತೋರಿಸಬೇಕು?

ತಾಂತ್ರಿಕ ಭಾಗ ಮುಗಿದು ನಿಜವಾದ ವಿನ್ಯಾಸ ಆರಂಭವಾಗುವುದು ಇಲ್ಲಿಂದ. ಎಷ್ಟೋ ಅಪ್ಲಿಕೇಶನ್‌ಗಳು ‘ದಾಖಲೆ ಬದಲಾಗಿದೆ, ಮತ್ತೆ ತೆರೆಯಿರಿ’ ಎಂದು ಹೇಳಿ, ಸರಿ ಎಂದು ಒತ್ತಿದ ಕೂಡಲೇ ಪರದೆಯನ್ನು ಹೊಸದಾಗಿ ತುಂಬಿಬಿಡುತ್ತವೆ. ಆಗ ಬಳಕೆದಾರರು ಟೈಪ್ ಮಾಡಿದ್ದೆಲ್ಲ ಹೋಗುತ್ತದೆ. ಮೊದಲನೆಯವರ ಕೆಲಸ ಉಳಿಸಲು ಎರಡನೆಯವರ ಕೆಲಸವನ್ನು ಬಲಿ ಕೊಟ್ಟಂತಾಯಿತೇ ಹೊರತು ಸಮಸ್ಯೆ ಬಗೆಹರಿಯಲಿಲ್ಲ. ಅಂಥ ಅನುಭವವಾದ ಜನ ಪ್ರತಿ ಸಾಲಿಗೂ ಸೇವ್ ಒತ್ತಲು ಕಲಿಯುತ್ತಾರೆ, ಅಥವಾ ಮುಖ್ಯ ಮಾಹಿತಿಯನ್ನು ಬೇರೆ ಕಡೆ ಬರೆದಿಡತೊಡಗುತ್ತಾರೆ.

ಮೂರು ಮೌಲ್ಯಗಳು ಕೈಯಲ್ಲಿರಬೇಕು: ದಾಖಲೆ ತೆರೆದಾಗ ಇದ್ದದ್ದು, ಈ ಬಳಕೆದಾರರು ಬರೆದದ್ದು, ಈಗ ಡೇಟಾಬೇಸ್‌ನಲ್ಲಿ ಇರುವುದು. ಇವುಗಳನ್ನು ಕಾಲಂವಾರು ಹೋಲಿಸಿದರೆ, ಇಬ್ಬರೂ ಮುಟ್ಟಿದ ಕಾಲಂಗಳು ಯಾವುವು, ಒಬ್ಬರು ಮಾತ್ರ ಮುಟ್ಟಿದ್ದು ಯಾವುವು ಎಂಬುದು ಸ್ಪಷ್ಟವಾಗುತ್ತದೆ. ಇಬ್ಬರೂ ಮುಟ್ಟಿದವನ್ನು ಮಾತ್ರ ಅಕ್ಕಪಕ್ಕದಲ್ಲಿ ತೋರಿಸಿ, ಯಾರು ಯಾವಾಗ ಬದಲಿಸಿದರು ಎಂಬುದನ್ನು ಹೆಸರಿನೊಂದಿಗೆ ತಿಳಿಸಿ, ಆಯ್ಕೆಯನ್ನು ಬಳಕೆದಾರರಿಗೆ ಬಿಡಿ. ಹೆಸರು ಕೊಡುವುದು ಬಹಳ ಮುಖ್ಯ. ಯಾವ ಮೌಲ್ಯ ಸರಿ ಎಂಬುದು ಪ್ರೋಗ್ರಾಮಿಗೆ ಗೊತ್ತಾಗುವ ಸಂಗತಿಯಲ್ಲ, ಆ ಇಬ್ಬರು ಮಾತಾಡಿಕೊಂಡರೆ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಬೇರೆ ಬೇರೆ ಕಾಲಂಗಳನ್ನು ತಿದ್ದಿದ್ದರೆ ತಾನಾಗಿಯೇ ಬೆಸೆಯಬಹುದೇ ಎಂದರೆ, ಫೋನ್ ಸಂಖ್ಯೆ ಮತ್ತು ವಿಳಾಸದಂಥ ಸ್ವತಂತ್ರ ಸಂಗತಿಗಳಿಗೆ ಬೆಸೆಯಬಹುದು. ಆರಂಭದ ದಿನಾಂಕವನ್ನು ಒಬ್ಬರು ಮುಂದೂಡಿ, ಮುಕ್ತಾಯದ ದಿನಾಂಕವನ್ನು ಇನ್ನೊಬ್ಬರು ಹಿಂದಕ್ಕೆ ತಂದಿದ್ದರೆ, ಪ್ರತ್ಯೇಕವಾಗಿ ಎರಡೂ ಸರಿಯಾಗಿದ್ದು ಬೆಸೆದ ದಾಖಲೆ ಮಾತ್ರ ಅಸಂಬದ್ಧವಾಗಬಹುದು. ಆದ್ದರಿಂದ ಪರಸ್ಪರ ಸಂಬಂಧವಿರುವ ಕಾಲಂಗಳನ್ನು ಒಂದು ಗುಂಪೆಂದು ಪರಿಗಣಿಸಿ, ಬೆಸೆದ ನಂತರ ಎಲ್ಲ ಪರಿಶೀಲನಾ ನಿಯಮಗಳನ್ನೂ ಮತ್ತೊಮ್ಮೆ ನಡೆಸಿ, ಹೊಸದಾಗಿ ಓದಿದ ಆವೃತ್ತಿಯನ್ನೇ ಷರತ್ತಾಗಿಟ್ಟು ಸೇವ್ ಮಾಡಿ. ಈ ಎರಡನೆಯ ಸೇವ್ ಕೂಡ ಘರ್ಷಿಸಬಹುದು ಎಂಬುದಕ್ಕೆ ಕೋಡ್ ಸಿದ್ಧವಾಗಿರಲಿ.

ದಾಸ್ತಾನಿನ ಸಂಖ್ಯೆಯಂಥ ಮೌಲ್ಯ ಪದೇ ಪದೇ ಬದಲಾಗುತ್ತದೆ. ಪ್ರತಿ ಬಾರಿ ಘರ್ಷಣೆಯ ಸಂದೇಶ ತೋರಿಸಲಾಗದಲ್ಲ?

ತೋರಿಸಬೇಕಾದ ಅಗತ್ಯವೂ ಇಲ್ಲ. ಬಳಕೆದಾರರ ಉದ್ದೇಶ ‘ದಾಸ್ತಾನು 37 ಆಗಲಿ’ ಎಂದಿರುವುದಿಲ್ಲ, ‘5 ಕಡಿಮೆಯಾಗಲಿ’ ಎಂದಿರುತ್ತದೆ. ಹಾಗಿದ್ದ ಮೇಲೆ ಆದೇಶವೂ ಹಾಗೆಯೇ ಇರಲಿ: ಈಗಿರುವ ಸಂಖ್ಯೆಯಿಂದ 5 ಕಳೆ, ಆದರೆ ಈಗ ಕನಿಷ್ಠ 5 ಇದ್ದರೆ ಮಾತ್ರ. ಒಂದೇ ಅಪ್‌ಡೇಟ್‌ನಲ್ಲಿ ಇದು ಮುಗಿಯುತ್ತದೆ, ಮತ್ತು ಸೊನ್ನೆ ಸಾಲು ಬಂದರೆ ದಾಸ್ತಾನು ಸಾಲದು ಎಂದರ್ಥ. ಇನ್ನೂ ಒಳ್ಳೆಯದೆಂದರೆ, ಪ್ರತಿ ಒಳಬರುವಿಕೆ ಮತ್ತು ಹೊರಹೋಗುವಿಕೆಯನ್ನು ಹೊಸ ಸಾಲಾಗಿ ಸೇರಿಸುವುದು. ಹೊಸ ಸಾಲು ಸೇರಿಸುವವರು ಒಬ್ಬರ ಬರವಣಿಗೆಯನ್ನು ಒಬ್ಬರು ಅಳಿಸುವುದಿಲ್ಲ.

ಬಿಲ್ಲು ಮತ್ತು ಅದರ ಸಾಲುಗಳಂತೆ, ಒಂದು ಫಾರ್ಮ್ ಹಲವು ಟೇಬಲ್‌ಗಳನ್ನು ತಿದ್ದುವಾಗ ಏನು ಮಾಡಬೇಕು?

ಆವೃತ್ತಿಯನ್ನು ಮುಖ್ಯ ದಾಖಲೆಯ ಮೇಲಿಟ್ಟು, ಒಳಗಿನ ಯಾವ ಸಾಲು ಬದಲಾದರೂ, ಸೇರಿದರೂ, ಅಳಿದರೂ ಮುಖ್ಯ ದಾಖಲೆಯ ಆವೃತ್ತಿಯನ್ನು ಹೆಚ್ಚಿಸಿ. ಇಲ್ಲದಿದ್ದರೆ ಒಬ್ಬರು ಒಂದು ಸಾಲನ್ನು ಸೇರಿಸುತ್ತಾರೆ, ಇನ್ನೊಬ್ಬರು ಬೇರೊಂದು ಸಾಲನ್ನು ತಿದ್ದುತ್ತಾರೆ, ಎರಡೂ ಸೇವ್‌ಗಳು ಘರ್ಷಣೆಯಿಲ್ಲದೆ ನಡೆದು ಒಟ್ಟು ಮೊತ್ತ ಮಾತ್ರ ತಾಳೆಯಾಗುವುದಿಲ್ಲ. ಸೇವ್ ಮಾಡುವಾಗ ಒಂದೇ ಟ್ರಾನ್ಸಾಕ್ಷನ್‌ನೊಳಗೆ ಮೊದಲು ಮುಖ್ಯ ದಾಖಲೆಯ ಅಪ್‌ಡೇಟ್ ನಡೆಸಿ. ಅಲ್ಲಿ ಸೊನ್ನೆ ಬಂದರೆ ಉಳಿದದ್ದನ್ನು ಮುಟ್ಟದೆ ರೋಲ್‌ಬ್ಯಾಕ್ ಮಾಡಿ, ಅಂದರೆ ಟ್ರಾನ್ಸಾಕ್ಷನ್ ರದ್ದುಗೊಳಿಸಿ.

ನಮ್ಮದು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್. ಇದೆಲ್ಲ ಅಲ್ಲಿಯೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಕೆಲವು ವಿಶೇಷಗಳೊಂದಿಗೆ. ಆಕ್ಸೆಸ್ ಫಾರ್ಮ್‌ಗೆ ಮೂರು ಬಗೆಯ ಲಾಕ್ ಹೊಂದಿಕೆಗಳಿವೆ: ಲಾಕ್ ಬೇಡ, ತಿದ್ದುತ್ತಿರುವ ದಾಖಲೆ ಮಾತ್ರ, ಎಲ್ಲ ದಾಖಲೆಗಳು. ಮೊದಲನೆಯದರಲ್ಲಿ ಘರ್ಷಣೆಯಾದರೆ ರೈಟ್ ಕಾನ್‌ಫ್ಲಿಕ್ಟ್ ಎಂಬ ಪೆಟ್ಟಿಗೆ ಬಂದು, ನಿಮ್ಮದನ್ನು ಉಳಿಸುವ, ಕ್ಲಿಪ್‌ಬೋರ್ಡ್‌ಗೆ ನಕಲಿಸುವ, ಕೈಬಿಡುವ ಆಯ್ಕೆಗಳನ್ನು ಕೊಡುತ್ತದೆ. ಎಲ್ಲ ದಾಖಲೆಗಳನ್ನು ಲಾಕ್ ಮಾಡುವ ಆಯ್ಕೆಯನ್ನು ಹಲವರು ಬಳಸುವ ಅಪ್ಲಿಕೇಶನ್‌ನಲ್ಲಿ ಎಂದಿಗೂ ಇಡಬೇಡಿ. ಆಕ್ಸೆಸ್ 2000ಕ್ಕಿಂತ ಮೊದಲು ಲಾಕ್ ಬೀಳುತ್ತಿದ್ದುದು 2 ಕಿಲೋಬೈಟ್‌ಗಳ ಇಡೀ ಪುಟಕ್ಕೆ, ಹಾಗಾಗಿ ಪಕ್ಕದ ದಾಖಲೆಗಳೂ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಆ ಬಿಡುಗಡೆಯಲ್ಲಿ ಪುಟದ ಅಳತೆ 4 ಕಿಲೋಬೈಟ್ ಆಯಿತು, ಜೊತೆಗೆ ದಾಖಲೆ ಮಟ್ಟದ ಲಾಕ್ ಬಂತು.

ಫೈಲಿನ ಪಕ್ಕದಲ್ಲಿ ಹುಟ್ಟುವ ಲಾಕ್ ಫೈಲನ್ನು ಸೃಷ್ಟಿಸಲು ಮತ್ತು ಅಳಿಸಲು ಪ್ರತಿ ಬಳಕೆದಾರರಿಗೂ ಆ ಫೋಲ್ಡರ್‌ನಲ್ಲಿ ಅನುಮತಿ ಬೇಕು. ಫಾರ್ಮ್‌ಗಳಿರುವ ಫೈಲನ್ನು ಪ್ರತಿಯೊಬ್ಬರ ಕಂಪ್ಯೂಟರಿಗೂ ಬೇರೆಯಾಗಿ ಕೊಟ್ಟು, ಟೇಬಲ್‌ಗಳನ್ನು ಮಾತ್ರ ಹಂಚಿಕೊಳ್ಳಿ. ಏಕಕಾಲದ ಬಳಕೆದಾರರ ಘೋಷಿತ ಮಿತಿ 255 ಆದರೂ ಅದರ ಹತ್ತಿರ ಹೋಗುವ ಬಹಳ ಮೊದಲೇ ಸರ್ವರ್ ಡೇಟಾಬೇಸ್‌ಗೆ ಸಾಗುವುದು ಜಾಣತನ. ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಿದ ಮೇಲೆ, ಬೇರೆ ಯಾರೂ ತಿದ್ದದಿದ್ದರೂ ಘರ್ಷಣೆಯ ಪೆಟ್ಟಿಗೆ ಬರುತ್ತಿದ್ದರೆ, ಬಿಟ್ (ಹೌದು ಅಥವಾ ಇಲ್ಲ ಎಂಬ) ಕಾಲಂಗಳಲ್ಲಿ ನಲ್ ಇದೆಯೇ ನೋಡಿ. ಅವಕ್ಕೆ ಪೂರ್ವನಿಗದಿತ ಮೌಲ್ಯ ಕೊಟ್ಟು, ಟೇಬಲ್‌ಗೆ ರೋವರ್ಷನ್ ಕಾಲಂ ಸೇರಿಸಿ, ಲಿಂಕನ್ನು ಹೊಸದಾಗಿ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಸ್‌ಕ್ಯೂಲೈಟ್ ಫೈಲನ್ನು ಹಾಗೆಯೇ ಹಂಚಿಕೊಳ್ಳಬಹುದೇ?

ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಬೇಡ. ಒಂದು ಹೊತ್ತಿಗೆ ಒಬ್ಬರೇ ಬರೆಯಬಲ್ಲ ಈ ಡೇಟಾಬೇಸ್ ಫೈಲ್ ಲಾಕ್‌ಗಳನ್ನು ನಂಬಿದೆ, ಮತ್ತು ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ ಆ ಲಾಕ್‌ಗಳು ಕೈಕೊಟ್ಟು ಫೈಲೇ ಕೆಡಬಹುದು. 2010ರಲ್ಲಿ ಬಂದ, ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಫೈಲಿಗೆ ಬರೆಯುವ ವಾಲ್ ವಿಧಾನವಂತೂ ಎಲ್ಲ ಪ್ರಕ್ರಿಯೆಗಳೂ ಒಂದೇ ಕಂಪ್ಯೂಟರಿನಲ್ಲಿ ಇರಬೇಕೆಂದು ಬಯಸುತ್ತದೆ.

ಡೆಡ್‌ಲಾಕ್ ಕೂಡ ಘರ್ಷಣೆಯೇ? ಆಗ ಮತ್ತೆ ಪ್ರಯತ್ನಿಸಿದರೆ ಸಾಕೇ?

ಎರಡೂ ಬೇರೆ ಸಂಗತಿಗಳು, ಎರಡಕ್ಕೂ ಬೇರೆ ಚಿಕಿತ್ಸೆ. ಒಂದು ಟ್ರಾನ್ಸಾಕ್ಷನ್ ಇನ್ನೊಂದು ಹಿಡಿದ ಲಾಕ್‌ಗಾಗಿ, ಅದು ಇದು ಹಿಡಿದ ಲಾಕ್‌ಗಾಗಿ ಕಾಯುತ್ತ ನಿಂತಾಗ ಡೇಟಾಬೇಸ್ ಒಂದನ್ನು ರದ್ದುಗೊಳಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದರ ದೋಷಸಂಖ್ಯೆ 1205, ಮೈಎಸ್‌ಕ್ಯೂಎಲ್‌ನಲ್ಲಿ 1213. ಮೈಎಸ್‌ಕ್ಯೂಎಲ್‌ನಲ್ಲೂ 1205 ಇದೆ, ಆದರೆ ಅಲ್ಲಿ ಅದರ ಅರ್ಥ ಲಾಕ್‌ಗಾಗಿ ಕಾದು ಸಮಯ ಮೀರಿತು ಎಂದು. ಆ ಕಾಯುವಿಕೆಯ ಪೂರ್ವನಿಗದಿತ ಮಿತಿ 50 ಸೆಕೆಂಡು. ಡೆಡ್‌ಲಾಕ್ ಆದಾಗ ಇಡೀ ಟ್ರಾನ್ಸಾಕ್ಷನ್ ಅನ್ನು ಮೊದಲಿನಿಂದ, ಸ್ವಲ್ಪ ಅಂತರ ಬಿಟ್ಟು, ಮಿತವಾದ ಸಲ ಮತ್ತೆ ನಡೆಸಿ. ಎಲ್ಲ ಕೋಡೂ ಟೇಬಲ್‌ಗಳನ್ನು ಒಂದೇ ಅನುಕ್ರಮದಲ್ಲಿ ಮುಟ್ಟುವಂತೆ ನೋಡಿಕೊಂಡರೆ ಡೆಡ್‌ಲಾಕ್ ಬಹಳ ಕಡಿಮೆಯಾಗುತ್ತದೆ.

ಆವೃತ್ತಿಯ ಘರ್ಷಣೆಯನ್ನು ಮಾತ್ರ ಹೀಗೆ ತಾನಾಗಿಯೇ ಮತ್ತೆ ಪ್ರಯತ್ನಿಸಬಾರದು. ಹೊಸ ಆವೃತ್ತಿ ಓದಿ ಹಳೆಯ ಪರದೆಯ ಮೌಲ್ಯಗಳನ್ನೇ ಮತ್ತೆ ಬರೆದರೆ, ಮೊದಲ ಪ್ರಶ್ನೆಯಲ್ಲಿ ಹೇಳಿದ ನಷ್ಟವೇ ಆಗುತ್ತದೆ.

ಬಿಲ್ ಸಂಖ್ಯೆಯನ್ನು ‘ಇರುವುದರಲ್ಲಿ ದೊಡ್ಡದಕ್ಕೆ ಒಂದು ಸೇರಿಸಿ’ ಪಡೆಯುತ್ತಿದ್ದೇವೆ. ಆಗಾಗ ಎರಡು ಬಿಲ್‌ಗಳಿಗೆ ಒಂದೇ ಸಂಖ್ಯೆ ಬರುತ್ತದೆ, ಏಕೆ?

ಇಬ್ಬರೂ ಒಂದೇ ಗರಿಷ್ಠ ಸಂಖ್ಯೆಯನ್ನು ಓದಿರುತ್ತಾರೆ. ಡೇಟಾಬೇಸ್ ತಾನೇ ಮುಂದಿನ ಸಂಖ್ಯೆ ಕೊಡುವ ಸೀಕ್ವೆನ್ಸ್ ಅಥವಾ ಐಡೆಂಟಿಟಿ ಬಳಸಿ, ಮತ್ತು ಸಂಖ್ಯೆಯ ಕಾಲಂ ಮೇಲೆ ಯೂನಿಕ್ ನಿರ್ಬಂಧ ಹಾಕಿ. ರೋಲ್‌ಬ್ಯಾಕ್ ಆದಾಗ ಇವುಗಳಲ್ಲಿ ಸಂಖ್ಯೆಗಳು ಬಿಟ್ಟುಹೋಗುತ್ತವೆ. ನಡುವೆ ಖಾಲಿ ಬಿಡಲೇಬಾರದು ಎಂಬ ನಿಯಮವಿದ್ದರೆ, ಸಂಖ್ಯೆಗಾಗಿ ಒಂದು ಸಾಲಿನ ಟೇಬಲ್ ಇಟ್ಟು, ಬಿಲ್ ಉಳಿಸುವ ಟ್ರಾನ್ಸಾಕ್ಷನ್‌ನ ಕೊನೆಯ ಭಾಗದಲ್ಲಿ ಅದನ್ನು ಹೆಚ್ಚಿಸಿ ಬಳಸಿ. ಆ ಸಾಲಿಗಾಗಿ ಎಲ್ಲರೂ ಸರದಿಯಲ್ಲಿ ಕಾಯಬೇಕಾಗುವುದರಿಂದ ಟ್ರಾನ್ಸಾಕ್ಷನ್ ಚಿಕ್ಕದಾಗಿರಲಿ.

ಇದನ್ನೆಲ್ಲ ಪರೀಕ್ಷಿಸುವುದು ಹೇಗೆ?

ಅಪ್ಲಿಕೇಶನ್ನಿನ ಎರಡು ಪ್ರತಿಗಳನ್ನು ಎರಡು ಬಳಕೆದಾರರ ಹೆಸರಿನಲ್ಲಿ ತೆರೆದು, ಒಂದೇ ದಾಖಲೆಯನ್ನು ಎರಡರಲ್ಲೂ ತೋರಿಸಿ, ಒಂದರಲ್ಲಿ ಸೇವ್ ಮಾಡಿ, ನಂತರ ಇನ್ನೊಂದರಲ್ಲಿ ಸೇವ್ ಮಾಡಿ. ಇಷ್ಟು ಸರಳ ಪರೀಕ್ಷೆಯನ್ನು ಪ್ರತಿ ಫಾರ್ಮ್‌ಗೂ ಮಾಡಿ. ಒಂದು ಫಾರ್ಮ್ ಆವೃತ್ತಿಯನ್ನು ಪಾಲಿಸಿದೆ ಎಂದರೆ ಎಲ್ಲವೂ ಪಾಲಿಸಿವೆ ಎಂದಲ್ಲ. ತಿದ್ದುವುದು ಮತ್ತು ಅಳಿಸುವುದು, ಅಳಿಸುವುದು ಮತ್ತು ತಿದ್ದುವುದು ಎಂಬ ಜೋಡಿಗಳನ್ನೂ ಬಿಡಬೇಡಿ. ಅಳಿಸುವ ಆದೇಶಕ್ಕೂ ಆವೃತ್ತಿಯ ಷರತ್ತು ಬೇಕೆಂಬುದು ಬಹಳ ಸಲ ತಪ್ಪಿಹೋಗುತ್ತದೆ.

ಸ್ವಯಂಚಾಲಿತ ಪರೀಕ್ಷೆಯಲ್ಲಿ ಎರಡು ಪ್ರತ್ಯೇಕ ಕನೆಕ್ಷನ್‌ಗಳನ್ನು ಬಳಸಿ, ಓದುವುದು ಮತ್ತು ಬರೆಯುವುದರ ಅನುಕ್ರಮವನ್ನು ನೀವೇ ನಿಗದಿಪಡಿಸಿ. ಎರಡು ಥ್ರೆಡ್‌ಗಳನ್ನು ಓಡಿಸಿ ಅದೃಷ್ಟಕ್ಕೆ ಬಿಟ್ಟರೆ ಪರೀಕ್ಷೆ ಒಮ್ಮೆ ಸೋತು ಇನ್ನೊಮ್ಮೆ ಗೆಲ್ಲುತ್ತದೆ. ನಿಜವಾದ ಬಳಕೆಯಲ್ಲಿ ಪ್ರತಿ ಘರ್ಷಣೆಯನ್ನೂ ಟೇಬಲ್, ಕಾಲಂ, ಇಬ್ಬರು ಬಳಕೆದಾರರು ಮತ್ತು ಅವರ ಆಯ್ಕೆಯ ಸಮೇತ ಲಾಗ್‌ನಲ್ಲಿ ಬರೆದಿಡಿ. ಒಂದೇ ಕಾಲಂ ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ, ಅದು ಬೇರೆ ಟೇಬಲ್‌ಗೆ ಹೋಗಬೇಕಾದದ್ದೋ ಅಥವಾ ದಾಸ್ತಾನಿನಂತೆ ಹೆಚ್ಚು ಕಡಿಮೆ ಎಂಬ ಆದೇಶವಾಗಿ ಬರೆಯಬೇಕಾದದ್ದೋ ಎಂದು ಪರಿಶೀಲಿಸಿ.